ಮೊದಲ ವರ್ಷದ ಮಾರ್ಕ್ಸು

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡಿಬರುವವರಿಗೆ ಡಿಕ್ಕಿ ಹೊಡೆದು ಕೆಡವುವುದೇ ಅವನ ಕೆಲಸವಾಗಿತ್ತು. ತಂಡಕ್ಕೆ ಸೇರಿದ ವರ್ಷ, ಮೊದಲ ಪಂದ್ಯಕ್ಕೂ ಮುನ್ನ, ಎಲ್ಲರಿಗೂ ನೆನಪಿನ ಶಕ್ತಿಯ ಪರೀಕ್ಷೆ ಇಟ್ಟಿದ್ದರು. ಮುಂದೆ ತಲೆಗೆ ಪೆಟ್ಟಾದರೆ ಹೋಲಿಸಿ ನೋಡಲು ಅದು ಬೇಕಿತ್ತು.

"ಬೇಕಂತಲೇ ತಪ್ಪು ಬರಿ" ಎಂದು ಹಿರಿಯ ಆಟಗಾರನೊಬ್ಬ ಹೇಳಿಕೊಟ್ಟ. "ಈಗ್ಲೇ ಮಾರ್ಕ್ಸ್ ಕಮ್ಮಿ ಇದ್ರೆ, ಪೆಟ್ಟು ಬಿದ್ಮೇಲೆ ವ್ಯತ್ಯಾಸ ಕಾಣಲ್ಲ. ನಿನ್ನ ಹೊರಗೆ ಕೂರಿಸೋದಿಲ್ಲ. ನಾವೆಲ್ಲ ಹಾಗೇ ಮಾಡಿರೋದು."

ಅವನೂ ಹಾಗೇ ಮಾಡಿದ. ಹನ್ನೊಂದು ವರ್ಷ ಒಂದು ಪಂದ್ಯವನ್ನೂ ಬಿಡದೆ ಆಡಿದ.

ಆಟ ಬಿಟ್ಟ ಮೇಲೆ ಮನೆಯ ದಾರಿ ಮರೆತುಹೋಗತೊಡಗಿತು. ಒಂದು ದಿನ ಮಗಳ ಹೆಸರೂ ಬಾಯಿಗೆ ಬರಲಿಲ್ಲ. ಚಿಕಿತ್ಸೆ ಕೊಡಿಸಿ ಎಂದು ತಂಡದವರಿಗೆ ಅರ್ಜಿ ಹಾಕಿದಾಗ, ಅವರ ಡಾಕ್ಟರು ಅದೇ ಪರೀಕ್ಷೆಯನ್ನು ಮತ್ತೆ ಇಟ್ಟರು. ಅವನು ಒಂದೊಂದು ಪ್ರಶ್ನೆಯನ್ನೂ ಮೂರು ಮೂರು ಸಲ ಓದಿಕೊಂಡು ಉತ್ತರ ಬರೆದ.

ಡಾಕ್ಟರು ಹಳೆಯ ಹಾಳೆಯ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದರು.

"ಈ ಸಲ ಕೈಲಾದಷ್ಟು ಸರಿಯಾಗೇ ಬರೆದಿದ್ದೀನಿ, ಡಾಕ್ಟ್ರೇ" ಎಂದ.

"ನಿಮಗೇನೂ ಆಗಿಲ್ಲ. ಆಗ್ಲೂ ನೂರಕ್ಕೆ ನಲವತ್ತೊಂದು, ಈಗ್ಲೂ ನಲವತ್ತೊಂದೇ."