ಇಳಿಯದ ಕೈ

"ಬೇಜಾರು ಮಾಡ್ಕೋಬೇಡಿ ಅಣ್ಣಾ, ಮುಂದಿನ ಸಲ ಮೊದಲ ಮೈಕು ನಿಮಗೇ," ಎಂದು ಅವಳು ಹಿಂದಿನ ವರ್ಷ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಕಂಪನಿಯ ಎಲ್ಲ ಶಾಖೆಗಳೂ ವರ್ಷಕ್ಕೊಮ್ಮೆ ಕೂಡುವ ವಿಡಿಯೋ ಸಭೆಯಲ್ಲಿ ಯಾರ ಮೈಕು ತೆರೆಯಬೇಕು, ಯಾರದು ಮುಚ್ಚಬೇಕು ಎಂದು ನೋಡಿಕೊಳ್ಳುವುದು ಅವಳ ಕೆಲಸ. ಶೀತಲ ಗೋದಾಮಿನ ಮೇಸ್ತ್ರಿ ಅಂದು ಸಭೆ ಮುಗಿಯುವವರೆಗೂ ಮಾತಾಡಬೇಕೆಂದು ಪರದೆಯ ಮೇಲೆ ಕೈಯ ಚಿಹ್ನೆ ಎತ್ತಿಕೊಂಡೇ ಇದ್ದ, ಸರದಿ ಬಂದಿರಲಿಲ್ಲ.

"ಗೋದಾಮಿನ ಬಾಗಿಲಿನ ವಿಷ್ಯ ಕಣಮ್ಮಾ. ಒಳಗಿಂದ ತೆಗೆಯೋಕೇ ಬರಲ್ಲ. ಒಬ್ಬೊಬ್ರಿಗೂ ಹೇಳಿ ಸಾಕಾಗಿದೆ. ಎಲ್ರೂ ಕೇಳೋ ಹಾಗೆ ಒಂದ್ಸಲ ಹೇಳ್ಬೇಕು," ಎಂದಿದ್ದ.

ಹೋದ ತಿಂಗಳು ಆ ಬಾಗಿಲ ಹಿಂದೆಯೇ ಅವನು ಹೆಣವಾಗಿ ಸಿಕ್ಕಿದ.

ಈ ವರ್ಷದ ಸಭೆ ಅವನಿಗಾಗಿ ಮೌನಾಚರಣೆಯಿಂದ ಶುರುವಾಯಿತು. "ಎಲ್ಲರ ಬಾಯಿಗೂ ಬೀಗ ಹಾಕಿದೀಯ ತಾನೆ? ಮೌನದ ಮಧ್ಯೆ ಯಾರ್ದೋ ಮನೆ ಕುಕ್ಕರ್ ಕೂಗೀತು," ಎಂದು ಪಕ್ಕದಲ್ಲಿ ಕುಳಿತ ಮ್ಯಾನೇಜರ್ ಪಿಸುಗುಟ್ಟಿದ. "ನಾವು ಆರಿಸಿರೋರಿಗಷ್ಟೇ ಮೈಕು. ಬೇರೆ ಯಾರಾದ್ರೂ ಬಾಯಿಬಿಟ್ರೆ ನಾಳೆಯಿಂದ ನೀನು ಮನೇಲಿ ಮಕ್ಕಳನ್ನ ನೋಡ್ಕೊಂಡಿರು."

ಪರದೆಯಲ್ಲಿ ದೊಡ್ಡ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಆ ಬಾಗಿಲಿನ ಬಗ್ಗೆ ನಮಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ."

ಆಗ ಒಂದು ಕೈ ಮೇಲೆದ್ದಿತು. ಕಪ್ಪು ಚೌಕದ ಕೆಳಗೆ ಮೇಸ್ತ್ರಿಯ ಹೆಸರಿತ್ತು.

"ಯಾವನೋ ಅವನ ಫೋನಿಟ್ಕೊಂಡು ಆಟ ಆಡ್ತಿದಾನೆ. ಇಳಿಸು," ಎಂದ ಮ್ಯಾನೇಜರ್.

"ಫೋನು ಅವರ ಜೇಬಲ್ಲೇ ಮಂಜುಗಟ್ಟಿ ಕೆಟ್ಟುಹೋಗಿತ್ತು ಸರ್."

ಇಳಿಸಿದಳು. ಮತ್ತೆ ಎದ್ದಿತು. ಎಲ್ಲ ಕೈಗಳನ್ನೂ ಒಟ್ಟಿಗೆ ಇಳಿಸುವ ಗುಂಡಿ ಒತ್ತಿದಳು, ಅದೊಂದೇ ಉಳಿಯಿತು. ಮ್ಯಾನೇಜರ್ ಮೌಸ್ ಕಿತ್ತುಕೊಂಡು ಅವನನ್ನು ಸಭೆಯಿಂದಲೇ ಹೊರಹಾಕಿದ. ಚೌಕ ಮಾಯವಾಯಿತು. ಮರುಕ್ಷಣ ಮೊದಲ ಸಾಲಿಗೇ ಬಂದು ಕೂತಿತು, ಕೈ ಎತ್ತಿಕೊಂಡು.

"ಬೇಡಮ್ಮಾ," ಎಂದ ಮ್ಯಾನೇಜರ್, ಅವಳ ಕೈ ಮೌಸಿನತ್ತ ಚಾಚಿದ್ದನ್ನು ಕಂಡು. ಅವನ ದನಿಯಲ್ಲಿ ಗದರಿಕೆ ಉಳಿದಿರಲಿಲ್ಲ. "ನಿನ್ನ ದಮ್ಮಯ್ಯ, ಬೇಡ."

ಅವಳಿಗೆ ಮನೆಯಲ್ಲಿದ್ದ ಮಕ್ಕಳ ಮುಖ ಕಣ್ಣಿಗೆ ಕಟ್ಟಿತು. ಮೌಸ್ ಎಳೆದುಕೊಂಡು ಆ ಮೈಕನ್ನು ತೆರೆದಳು.

ಮೊದಲು ತಣ್ಣನೆಯ ಯಂತ್ರವೊಂದರ ಗುಂಯ್‌ಗುಟ್ಟುವಿಕೆ. ಆಮೇಲೆ ದಪ್ಪ ಕಬ್ಬಿಣದ ಮೇಲೆ ಮುಷ್ಟಿಯ ಗುದ್ದು. ಮತ್ತೊಂದು. ಮತ್ತೊಂದು.

ಗುದ್ದು ತಮ್ಮ ಕೋಣೆಯಲ್ಲೇ ಕೇಳಿದಂತೆ ಸಾಹೇಬರು ಮಾತು ನಿಲ್ಲಿಸಿ ಬೆನ್ನ ಹಿಂದಿನ ಬಾಗಿಲನ್ನು ತಿರುಗಿ ನೋಡಿದರು. ಪಕ್ಕದ ಚೌಕದವರೂ ತಮ್ಮ ಬಾಗಿಲಿನತ್ತ ತಿರುಗಿದರು, ಅವರ ಪಕ್ಕದವರೂ. ಕೊನೆಗೆ ಇಡೀ ಪರದೆಯಲ್ಲಿ ಒಂದು ಮುಖವೂ ಕಾಣಲಿಲ್ಲ, ಬರೀ ತಲೆಯ ಹಿಂಭಾಗಗಳು.

ಅವಳು ಕೊಟ್ಟ ಮಾತು ಉಳಿಸಿಕೊಂಡಳು.