ಕಂಬದ ಹಿಂದಿನ ಬೆಂಚು

ಏಣಿಯ ಮೇಲೆ ನಿಂತ ಮೇಸ್ತ್ರಿ ಕಂಬದ ನೆತ್ತಿಯ ಗಾರೆ ಕೆತ್ತಿ ತೆಗೆದು, ಅಳತೆಯ ದಾರವನ್ನು ಕಂಬಕ್ಕೂ ಮೇಲಿನ ತೊಲೆಗೂ ನಡುವೆ ತೂರಿಸಿದ. ದಾರ ಆ ಕಡೆಯಿಂದ ಹೊರಬಂತು. ಎರಡೂ ತುದಿ ಹಿಡಿದು ಅದನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಮೆಲ್ಲಗೆ ಎಳೆದ. ಎಲ್ಲೂ ತಡೆಯಲಿಲ್ಲ.

“ಫಾದರ್, ಇದು ಏನನ್ನೂ ಹೊತ್ತಿಲ್ಲ. ಸುಮ್ನೆ ನಿಂತಿದೆ ಅಷ್ಟೆ.”

ಫಾದರ್ ಯಜಮಾನರ ಕಡೆ ನೋಡಿದರು. ಚರ್ಚು ಕಟ್ಟಿದಾಗ ಆ ಕಲ್ಲುಕಂಬ ಮಾಡಿಸಿಕೊಟ್ಟವರು ಯಜಮಾನರ ಮುತ್ತಾತ. ಅದರ ಹಿಂದಿನ ಬೆಂಚು ಅಂದಿನಿಂದ ಆ ಮನೆಯವರದ್ದೇ. ಅಲ್ಲಿ ಕೂತವರಿಗೆ ಬಲಿಪೀಠ ಕಾಣುವುದಿಲ್ಲ; ಆದರೆ ಆ ಬೆಂಚು ಬಿಟ್ಟು ಬೇರೆಡೆ ಕೂರುವುದು ಮನೆತನಕ್ಕೆ ಅವಮಾನ. ಕಂಬ ತೆಗೆಸೋಣ ಎಂದು ಫಾದರ್ ಹೇಳಿದಾಗಿನಿಂದ ಯಜಮಾನರದ್ದು ಒಂದೇ ಹಟ: ಇದನ್ನು ತೆಗೆದರೆ ಚಾವಣಿಯೇ ತಲೆ ಮೇಲೆ ಬೀಳುತ್ತದೆ.

“ಇತ್ತೀಚೆಗೆ ಸಂದು ಬಿಟ್ಟಿರಬೇಕು,” ಎಂದರು ಅವರು. ದನಿ ಅರ್ಧ ಇಳಿದಿತ್ತು.

“ಇಲ್ಲ ಯಜಮಾನ್ರೇ, ಮಾಡ್ಸಿದಾಗ್ಲೇ ಗಿಡ್ಡ ಆಗಿದೆ. ಕಾಣದ ಹಾಗೆ ಸುತ್ತ ಗಾರೆ ಮೆತ್ತಿದ್ದಾರೆ.”

ಆ ಬೆಂಚಿನ ಮೂಲೆಯಲ್ಲಿ ಕೂತಿದ್ದ, ಯಜಮಾನರ ತಮ್ಮನ ಹೆಂಡತಿ ಎದ್ದು ನಿಂತಳು. ತಲೆ ಪೂರ್ತಿ ನರೆತಿದ್ದರೂ ಭಾವನ ಎದುರು ಅವಳು ಒಂದು ದಿನವೂ ಬಾಯಿ ಬಿಟ್ಟವಳಲ್ಲ.

“ತೆಗೆಸಿಬಿಡಿ ಭಾವ,” ಎಂದಳು. “ನಿಮ್ಮನೆ ಸೊಸೆ ಆದಾಗಿನಿಂದ ದೇವ್ರು ಅಂತ ಈ ಕಲ್ಲಿಗೇ ಕೈ ಮುಗಿದಿದ್ದೀನಿ.”