ಮೂಲೆಗಲ್ಲು

"ಆ ಹಗ್ಗ ಸ್ವಲ್ಪ ಸರಿಸ್ತೀರಾ, ಹಿಸಾನೊ ಅವರೇ?" ಎಂದ ಮೊರಿಯಾ. ಭೂಕಂಪಕ್ಕೆ ಕುಸಿದ ಕೋಟೆಗೋಡೆಯನ್ನು ಮತ್ತೆ ಕಟ್ಟುತ್ತಿದ್ದವನು ಅವನು; ಮೂಲೆಗಲ್ಲೊಂದು ಮಾತ್ರ ಸಿಕ್ಕಿರಲಿಲ್ಲ. ಅವಳ ಮನೆಯಲ್ಲಿ ಸಾಕೆ ಎಂಬ ಅಕ್ಕಿಮದ್ಯ ಹಿಂಡುವ ಸನ್ನೆಮರದ ತುದಿಗೆ ಭಾರಕ್ಕೆಂದು ಕಟ್ಟಿದ್ದ ಕಲ್ಲನ್ನೇ ನೋಡುತ್ತಿದ್ದ.

ಹಿಸಾನೊ ಕದಲಲಿಲ್ಲ. ಗಂಡ ಸತ್ತ ಮೇಲೆ, ಊರಿನ ಅಕ್ಕಿಯಿಂದ ಅವಳೊಬ್ಬಳೇ ಮಾಡಿದ ಮೊದಲ ಸಾಕೆ ಅದು. ನಡುವೆ ಭಾರ ಇಳಿಸಿದರೆ ಅಷ್ಟೂ ಕೆಡುತ್ತಿತ್ತು.

ಮೊರಿಯಾ ಕೈ ಚಾಚಿದ. ಅಷ್ಟರಲ್ಲಿ ಅವಳೇ ಹಗ್ಗ ಸರಿಸಿದಳು. ಕೋಟೆ ಕಟ್ಟಿದ ಹಳೆಯ ಕಲ್ಲುಕುಟಿಗ ಕೆತ್ತಿದ ಗುರುತು ಕಂಡಿತು. "ಭೂಕಂಪದ ದಿನ ಉರುಳಿ ನಮ್ಮ ಅಂಗಳಕ್ಕೆ ಬಿತ್ತು. ನಮ್ಮ ಭಾರದ ಕಲ್ಲು ಅವತ್ತೇ ಒಡೆದಿತ್ತು. ಕೋಟೆದು ಅಂತ ಗೊತ್ತಿದ್ದೇ ನಾನಿದನ್ನ ಕಟ್ಟಿದೆ."

ಅವನು ಬಹಳ ಹೊತ್ತು ಗುರುತಿನ ಮೇಲೆ ಬೆರಳಾಡಿಸಿದ.

"ಹಿಂಡಿ ಮುಗಿಯೋದು ಯಾವಾಗ?"

"ನಾಡಿದ್ದು."

"ನಾಡಿದ್ದೇ ಲಾರಿ ತರ್ತೀನಿ," ಎಂದು ಮೊರಿಯಾ ಎದ್ದ. "ಅಲ್ಲೀವರೆಗೆ ಯಾರಾದ್ರೂ ಕೇಳಿದ್ರೆ, ನಾನಿನ್ನೂ ಹುಡುಕ್ತಾ ಇದೀನಿ."